ಮಂಗದ ವೈರಸ್ಸು ಮನುಷ್ಯನೊಳಗೆ ಬಂದ ಬಗೆ

ಕಳೆದ ತಿಂಗಳು ಬೈಂದೂರಿನಿಂದ ಬಂದಿದ್ದ ಹಳೆಯ ವಿದ್ಯಾರ್ಥಿಯೊಬ್ಬ, "ಮಾಷ್ಟ್ರೇ, ಏಡ್ಸ್ ಮಂಗದಿಂದ ಬಂದದ್ದಂತೆ. ನಮ್ಮ ಕೊಲ್ಲೂರು ಕಾಡಿನ ಮಂಗಗಳಲ್ಲೂ ಇತ್ತಾ?" ಎಂದು ಕೇಳಿದ.

ಸಂಶಯ ಸಹಜವೇ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ಹೆಸರು ಘಟ್ಟದ ಕೆಳಗೂ ಕೇಳಿದ್ದೇ. ಅದು ಉಣುಗಿನಿಂದ ಹರಡುವ ಬೇರೆ ಜಾತಿಯ ವೈರಸ್ಸು. ಎಚ್‌ಐವಿ ರೆಟ್ರೊವೈರಸ್, ಜಗತ್ತಿಗೆಲ್ಲ ಹರಡಿದ ಎಚ್‌ಐವಿ-1 ಆಫ್ರಿಕದ ಚಿಂಪಾಂಜಿಗಳಿಂದ ಬಂದುದು. ಏಷ್ಯದ ಮಂಗಗಳಲ್ಲಿ ಇದರ ಸಂಬಂಧಿ ವೈರಸ್ಸು ಸಹಜವಾಗಿ ಇಲ್ಲ.

ಈ ವೈರಸ್ಸಿನ ಹೊದಿಕೆಯ ಮೇಲೆ ಮುಳ್ಳಿನಂತಹ ಪ್ರೋಟೀನುಗಳಿವೆ. ಅವನ್ನು ರೂಪಿಸುವ ಜೀನ್‌ಗೆ 'ಎನ್ವ್' ಎಂದು ಹೆಸರು. ಬಿಳಿರಕ್ತಕಣದ ಮೇಲಿನ ಸಿಡಿ4 ಎಂಬ ಅಣುವನ್ನು ಆ ಮುಳ್ಳು ಹಿಡಿಯುತ್ತದೆಂದು 1984ರಲ್ಲಿ ತಿಳಿಯಿತು. ಆದರೆ ಇಲಿಯ ಜೀವಕೋಶಕ್ಕೆ ಮಾನವನ ಸಿಡಿ4 ಕೊಟ್ಟರೂ ವೈರಸ್ಸು ಒಳಹೋಗಲಿಲ್ಲ! ಹನ್ನೆರಡು ವರ್ಷಗಳ ಹುಡುಕಾಟದ ನಂತರ, 1996ರಲ್ಲಿ ಎಡ್ವರ್ಡ್ ಬರ್ಗರ್ ಅವರ ತಂಡಕ್ಕೆ ಸಿಎಕ್ಸ್‌ಸಿಆರ್4 ಎಂಬ ಎರಡನೆಯ ಬಾಗಿಲು ಸಿಕ್ಕಿತು. ಅದೇ ವರ್ಷ ಸಿಸಿಆರ್5 ಕೂಡ ಬೆಳಕಿಗೆ ಬಂತು. ಮುಳ್ಳಿನ 'ವಿ3' ಭಾಗದಲ್ಲಿ ಕೆಲವೇ ಅಮೈನೋ ಆಮ್ಲಗಳು ಬದಲಾದರೆ ವೈರಸ್ಸು ಒಂದು ಬಾಗಿಲನ್ನು ಬಿಟ್ಟು ಇನ್ನೊಂದನ್ನು ಹಿಡಿಯಬಲ್ಲದು. ನಮ್ಮ ದೇಶದಲ್ಲಿ ಹೆಚ್ಚಾಗಿರುವ 'ಸಿ' ಉಪವರ್ಗ ಮಾತ್ರ ಬಹುಮಟ್ಟಿಗೆ ಸಿಸಿಆರ್5ಕ್ಕೇ ನಿಷ್ಠ. ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದಲ್ಲಿ ಉದಯಕುಮಾರ್ ರಂಗ ಅವರ ತಂಡ ಈ ಉಪವರ್ಗವನ್ನು ಅಭ್ಯಸಿಸಿದೆ.

ಮಂಗಗಳ ವೈರಸ್ಸುಗಳೂ ಸಾಮಾನ್ಯವಾಗಿ ಸಿಸಿಆರ್5 ಮೂಲಕವೇ ನುಗ್ಗುತ್ತವೆ. ಆದರೆ ಆಫ್ರಿಕದ ಕೆಂಪುನೆತ್ತಿಯ ಮ್ಯಾಂಗಬೆಗಳಲ್ಲಿ ಬಹುಪಾಲಿಗೆ ಆ ಬಾಗಿಲೇ ಇಲ್ಲ. ಅಲ್ಲಿನ ವೈರಸ್ಸು ಸುಮ್ಮನಾಗಲಿಲ್ಲ. ಸಿಸಿಆರ್2 ಎಂಬ ಬೇರೆ ಬಾಗಿಲು ಕಂಡುಕೊಂಡಿತು. 1998ರಲ್ಲಿ ಇದು ಪ್ರಕಟವಾದುದನ್ನು ನಾನು ಬಹಳ ತಡವಾಗಿ ಓದಿದೆ.

ಬೇಗ ಓದಿದ್ದರೂ ಏನು? ವೈರಸ್ಸಿಗೆ ಇಷ್ಟು ನಿರ್ದಿಷ್ಟವಾದ ಬಾಗಿಲು ಬೇಕು, ಲೋಟ ತಟ್ಟೆಗಳಿಂದ ಅದು ಹರಡದು ಎಂಬುದು 1990ರ ದಶಕದಲ್ಲಿಯೇ ನನಗೆ ಗೊತ್ತಿತ್ತು. ತರಗತಿಯಲ್ಲಿ ಹೇಳಿಯೂ ಇದ್ದೆ. ಆಗ ಮುಂಬಯಿಯ ಹೋಟೆಲಿನಿಂದ ಕಾಯಿಲೆ ಹೊತ್ತು ಊರಿಗೆ ಮರಳಿದ ನನ್ನ ಶಿಷ್ಯನೊಬ್ಬನನ್ನು ನೋಡಲು ಹೋಗಿದ್ದೆ. ಅವನಿಗೆ ಮನೆಯಲ್ಲಿ ಬೇರೆಯೇ ತಟ್ಟೆ. ಅವನ ತಾಯಿ ತಂದಿಟ್ಟ ಚಹಾವನ್ನು ನಾನು, ಈಗಷ್ಟೇ ಕುಡಿದು ಬಂದೆನೆಂದು ಸುಳ್ಳು ಹೇಳಿ, ಮುಟ್ಟಲಿಲ್ಲ. ಸರಕಾರದ ಉಚಿತ ಔಷಧ ಆರಂಭವಾದುದು 2004ರ ಏಪ್ರಿಲಿನಲ್ಲಿ. ಅವನು ಅಲ್ಲಿಯವರೆಗೆ ಉಳಿಯಲಿಲ್ಲ.

ಆ ತಾಯಿ ಏನೂ ಹೇಳದೆ ತುಂಬಿದ ಲೋಟವನ್ನು ಒಳಗೆ ಕೊಂಡೊಯ್ದದ್ದು ಇಂದಿಗೂ ನನ್ನ ಕಣ್ಣ ಮುಂದಿದೆ.