ಹಬ್ಬದ ಕೇಕು ಮತ್ತು ನೆರೆಯವರ ಒಲೆ

ಆಗಮನ ಕಾಲದ ಕೊನೆಯ ವಾರ ಬಂತೆಂದರೆ ನಮ್ಮ ಮನೆಗಳಲ್ಲಿ ಎರಡು ಬಗೆಯ ಸಿದ್ಧತೆಗಳು ಆರಂಭವಾಗುತ್ತವೆ. ಒಂದೆಡೆ ಮಕ್ಕಳು ಗೋದಲಿಗೆ ಹುಲ್ಲು ಹೊಂದಿಸುತ್ತಾರೆ, ನಕ್ಷತ್ರ ತೂಗುಹಾಕುತ್ತಾರೆ. ಇನ್ನೊಂದೆಡೆ ಅಡುಗೆಮನೆಯಲ್ಲಿ ಹಿಟ್ಟು ನಾದಿ, ಎಣ್ಣೆಯ ಬಾಣಲೆ ಇಡುತ್ತಾರೆ. ಕರಾವಳಿಯ ಕ್ರೈಸ್ತ ಮನೆಗಳಲ್ಲಿ ಈ ಹಬ್ಬದ ತಿಂಡಿಗಳಿಗೆ ಒಟ್ಟಾಗಿ ‘ಕುಸ್ವಾರ್’ ಎಂದು ಹೆಸರು. ಅದರಲ್ಲಿನ ನೆವ್ರಿಯನ್ನು ಕಂಡರೆ ಬಯಲುಸೀಮೆಯ ಗೃಹಿಣಿ ‘ಇದು ನಮ್ಮ ಕರ್ಜಿಕಾಯಿಯೇ ಅಲ್ಲವೇ’ ಎಂದು ಕೇಳಿಯಾಳು. ಚಕ್ಕುಲಿ, ಲಾಡುಗಳಂತೂ ಎಲ್ಲರ ಹಬ್ಬಗಳಿಗೂ ಸೇರಿದವು. ಆದರೆ ಹಬ್ಬದ ಮೇಜಿನ ನಡುವೆ ಇಡುವ ಕೇಕು ಮಾತ್ರ ಬಹಳಷ್ಟು ಮನೆಗಳಿಗೆ ಅಂಗಡಿಯಿಂದಲೇ ಬರುತ್ತದೆ. ಆ ಅಂಗಡಿ ಯಾರದು, ಆ ಒಲೆ ಯಾರದು ಎಂದು ನಾವು ಕೇಳಿಕೊಂಡದ್ದು ಅಪರೂಪ. ಕೇಳಿಕೊಂಡರೆ ನಮ್ಮ ಹಬ್ಬದ ಇತಿಹಾಸದ ಸೊಗಸಾದ ಅಧ್ಯಾಯವೊಂದು ತೆರೆದುಕೊಳ್ಳುತ್ತದೆ.

ಮೊದಲು ಕೇಕಿನ ಹೆಸರನ್ನೇ ನೋಡೋಣ. ‘ಪ್ಲಮ್ ಕೇಕ್’ ಎನ್ನುತ್ತೇವಾದರೂ ಅದರಲ್ಲಿ ಪ್ಲಮ್ ಹಣ್ಣು ಇರಬೇಕೆಂದೇನೂ ಇಲ್ಲ. ಹಿಂದಿನ ಇಂಗ್ಲಿಷಿನಲ್ಲಿ ಒಣದ್ರಾಕ್ಷಿಯನ್ನೂ ಅದೇ ಹೆಸರಿನಿಂದ ಕರೆಯುತ್ತಿದ್ದರು. ಇಂಗ್ಲೆಂಡಿನಲ್ಲಿ ಒಣಹಣ್ಣು, ಮಸಾಲೆ ಬೆರೆಸಿದ ಗಂಜಿ, ಕಡುಬುಗಳು ಹಬ್ಬದ ಆಹಾರವಾಗಿದ್ದವು. ಮೂವರು ಜ್ಞಾನಿಗಳ ಹಬ್ಬದ ಆಸುಪಾಸಿನಲ್ಲಿ ಕತ್ತರಿಸುತ್ತಿದ್ದ ದೊಡ್ಡ ಕೇಕು ಹತ್ತೊಂಬತ್ತನೆಯ ಶತಮಾನದಲ್ಲಿ ಕ್ರಿಸ್‌ಮಸ್ ದಿನದ ಕೇಕಾಗಿ ನೆಲೆಗೊಂಡಿತು. ಅದೇ ಶತಮಾನದಲ್ಲಿ ಅದು ಆಂಗ್ಲರೊಡನೆ ಹಡಗೇರಿ ನಮ್ಮ ನಾಡಿಗೂ ಬಂದಿತು. ಆದರೆ ಇಲ್ಲಿ ಅದನ್ನು ಬೇಯಿಸಿ ಜನರ ಕೈಗಿತ್ತವರು ಬಹುಪಾಲು ಈ ಮಣ್ಣಿನವರೇ.

ಮಂಗಳೂರಿನಿಂದ ದಕ್ಷಿಣಕ್ಕೆ, ಅದೇ ಕಡಲ ಅಂಚಿನಲ್ಲಿರುವ ತಲಶ್ಶೇರಿಯಲ್ಲಿ 1880ರಲ್ಲಿ ಮಾಂಬಳ್ಳಿ ಬಾಪು ಎಂಬವರು ಬಿಸ್ಕತ್ತಿನ ಕಾರ್ಖಾನೆಯೊಂದನ್ನು ತೆರೆದರು. ಅವರು ಬರ್ಮಾದಲ್ಲಿ ಈ ಕಸುಬನ್ನು ಕಲಿತು ಬಂದಿದ್ದರೆಂದು ಹೇಳುತ್ತಾರೆ. ಕುಟುಂಬದವರು ಇಂದಿಗೂ ನೆನಪಿಸಿಕೊಳ್ಳುವ ಕಥೆಯಂತೆ, 1883ರ ಕ್ರಿಸ್‌ಮಸ್ ಸಮೀಪಿಸಿದಾಗ ಬ್ರೌನ್ ಎಂಬ ಆಂಗ್ಲ ತೋಟದ ಮಾಲಿಕ ಇಂಗ್ಲೆಂಡಿನಿಂದ ತಂದ ಕೇಕಿನ ತುಂಡೊಂದನ್ನು ಬಾಪು ಅವರ ಕೈಗಿತ್ತು, ಇಂಥದ್ದೇ ಒಂದನ್ನು ಮಾಡಿಕೊಡಲು ಸಾಧ್ಯವೇ ಎಂದು ಕೇಳಿದನಂತೆ. ಒಣಹಣ್ಣುಗಳನ್ನೂ ಕೊಟ್ಟು, ಹತ್ತಿರದ ಫ್ರೆಂಚರ ಮಾಹೆಯಿಂದ ಬ್ರಾಂದಿ ತರಿಸಿಕೊಳ್ಳಲು ಸೂಚಿಸಿದನಂತೆ. ಬಾಪು ಬ್ರಾಂದಿಯ ಬದಲು ಗೇರುಹಣ್ಣು ಮತ್ತು ಕದಳಿ ಬಾಳೆಯಿಂದ ತೆಗೆದ ನಾಡಮದ್ಯವನ್ನು ಬಳಸಿದರು. ಅಚ್ಚನ್ನು ಊರ ಕಮ್ಮಾರನಿಂದ ಮಾಡಿಸಿದರು. ಕೇಕನ್ನು ಸವಿದ ಬ್ರೌನ್ ಇನ್ನೊಂದು ಡಜನ್ ಬೇಕೆಂದು ಹೇಳಿ ಹೋದನಂತೆ. ಕ್ರೈಸ್ತರ ಹಬ್ಬಕ್ಕೆ ನಮ್ಮ ದೇಶದಲ್ಲಿ ತಯಾರಾದ ಮೊದಲ ಕೇಕು ಇದೇ ಎಂಬ ಕೀರ್ತಿ ತಲಶ್ಶೇರಿಗೆ ಸಂದಿದೆ. ಅದನ್ನು ಮಾಡಿದವರು ಹಿಂದೂ ಕುಟುಂಬದವರು. ಆ ಕೇಕಿನಲ್ಲಿ ಬೆರೆತದ್ದು ನಮ್ಮ ಕರಾವಳಿಯ ಗೇರುಹಣ್ಣಿನ ಸಾರ.

ಇನ್ನು ಬೆಂಗಳೂರು. ಇಲ್ಲಿಯ ದಂಡು ಪ್ರದೇಶದಲ್ಲಿ ಸೈನಿಕರಿಗೂ ಅಧಿಕಾರಿಗಳಿಗೂ ದಿನನಿತ್ಯ ಬ್ರೆಡ್ಡು ಬೇಕಿತ್ತು; ಹೀಗಾಗಿ ಬೇಕರಿಗಳು ಬೆಳೆದವು. ಫ್ರೇಜರ್ ಟೌನಿನ ಮಸೀದಿ ರಸ್ತೆಯಲ್ಲಿರುವ ಆಲ್ಬರ್ಟ್ ಬೇಕರಿ 1902ರಲ್ಲಿ ಆರಂಭವಾಯಿತು. ಹೆಸರು ಆಂಗ್ಲರದಾದರೂ ಅದನ್ನು ಕಟ್ಟಿದವರು ಮುಸ್ಲಿಂ ಕುಟುಂಬದವರು. ಮಧ್ಯಾಹ್ನದ ನಂತರವೇ ಬಾಗಿಲು ತೆರೆಯುವುದು ಇಲ್ಲಿನ ಹಳೆಯ ರೂಢಿ. ತಪಸ್ಸುಕಾಲ ಮುಗಿಯುತ್ತ ಬಂದಂತೆ, ಶುಭ ಶುಕ್ರವಾರಕ್ಕಾಗಿ ಶಿಲುಬೆಯ ಗುರುತು ಹೊತ್ತ ಬನ್ನುಗಳು ಇಲ್ಲಿ ಸಿದ್ಧವಾಗುತ್ತವೆ. ಪಾಸ್ಖ ಹಬ್ಬಕ್ಕೆ ಸಿಹಿಯ ಮೊಟ್ಟೆಗಳು, ಡಿಸೆಂಬರಿನಲ್ಲಿ ಪ್ಲಮ್ ಕೇಕು, ರಂಜಾನ್ ತಿಂಗಳಲ್ಲಿ ಖೋವಾ ನಾನ್. ಶಿಲುಬೆಯ ಬನ್ನನ್ನು ಮಾಡುವ ಕೈ ರಂಜಾನಿನ ಉಪವಾಸವನ್ನೂ ಬಲ್ಲದು. ಉಪವಾಸದ ನಂತರದ ತುತ್ತಿನ ಬೆಲೆ ಏನೆಂಬುದನ್ನು ಅಂಥವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಬೆಂಗಳೂರಿನ ಪೇಟೆಯ ಕಡೆಗೆ ಬಂದರೆ ಹಾಸನ ಸೀಮೆಯಿಂದ ಬಂದ ಅಯ್ಯಂಗಾರ್ ಕುಟುಂಬಗಳು ಇದೇ ಕಸುಬನ್ನು ಕೈಗೆತ್ತಿಕೊಂಡು, ಮೊಟ್ಟೆಯಿಲ್ಲದ ಕೇಕು, ಖಾರಾ ಬನ್ನುಗಳನ್ನು ಮನೆಮಾತಾಗಿಸಿದವು. ಮೊಟ್ಟೆ ಮುಟ್ಟದ ನೆರೆಮನೆಯವರಿಗೆ ನಾವು ಹಬ್ಬದ ದಿನ ಹಂಚುವ ಕೇಕು ಎಷ್ಟೋ ಬಾರಿ ಅವರದೇ.

ಅದೇ 1902ರಲ್ಲಿ ದೂರದ ಕೊಲ್ಕತ್ತದಲ್ಲಿ ಬಾಗ್ದಾದಿನ ಯೆಹೂದ್ಯ ಮನೆತನದ ನಾಹೂಮ್ ಇಸ್ರಾಯೇಲ್ ಮೊರ್ದೆಕಾಯ್ ಬೇಕರಿಯ ತಿನಿಸುಗಳನ್ನು ಮನೆಮನೆಗೆ ಕೊಂಡೊಯ್ದು ಮಾರತೊಡಗಿದರು. 1916ರಲ್ಲಿ ನ್ಯೂ ಮಾರ್ಕೆಟ್‌ನಲ್ಲಿ ಅಂಗಡಿ ನೆಲೆಯೂರಿತು. ಆ ನಗರದಲ್ಲಿ ಒಂದು ಕಾಲಕ್ಕೆ ಸಾವಿರಾರು ಮಂದಿ ಯೆಹೂದ್ಯರಿದ್ದರು. ಸ್ವಾತಂತ್ರ್ಯಾನಂತರ ಬಹುತೇಕರು ಇಸ್ರೇಲ್, ಇಂಗ್ಲೆಂಡ್ ಮುಂತಾದೆಡೆಗೆ ತೆರಳಿದರು. ಈಗ ಉಳಿದಿರುವವರು ಬೆರಳೆಣಿಕೆಯಷ್ಟು ಮಂದಿ. ಆದರೂ ಡಿಸೆಂಬರಿನಲ್ಲಿ ನಾಹೂಮ್ ಅಂಗಡಿಯ ಮುಂದೆ ಕೇಕಿಗಾಗಿ ಉದ್ದನೆಯ ಸಾಲು ನಿಲ್ಲುತ್ತದೆ. ಆ ಸಾಲಿನಲ್ಲಿ ಎಲ್ಲ ಧರ್ಮದವರೂ ಇರುತ್ತಾರೆ. ಯೇಸುಸ್ವಾಮಿಯ ಜನನದ ಸಂಭ್ರಮಕ್ಕೆ ಅವರದೇ ಜನಾಂಗದ ಮನೆತನವೊಂದು ನೂರು ವರ್ಷಕ್ಕೂ ಮಿಕ್ಕಿ ಸಿಹಿ ಒದಗಿಸುತ್ತ ಬಂದಿದೆ ಎಂಬುದು ಹೃದಯಕ್ಕೆ ತಟ್ಟುವ ಸಂಗತಿ.

ಇವೆಲ್ಲವೂ ಕುಟುಂಬಗಳು ನಡೆಸಿಕೊಂಡು ಬಂದ ಸಣ್ಣ ಅಂಗಡಿಗಳು. ಇಂಥ ಅಂಗಡಿ ಬಾಳಬೇಕಾದರೆ ಎರಡು ಸಂಗತಿಗಳು ಕೂಡಿಬರಬೇಕು: ಮುಂದಿನ ತಲೆಮಾರು ಒಲೆಯ ಮುಂದೆ ನಿಲ್ಲಲು ಒಪ್ಪಬೇಕು, ಊರಿನವರು ಬಂದು ಕೊಳ್ಳಬೇಕು. ಮೊದಲನೆಯದು ಅವರ ಮನೆಯ ವಿಚಾರ, ಎರಡನೆಯದು ನಮ್ಮದು. ಇಂದು ತಿಂಗಳುಗಟ್ಟಲೆ ಕೆಡದ ಕೇಕು ಬಣ್ಣದ ಡಬ್ಬಿಯಲ್ಲಿ ದೊಡ್ಡ ಮಳಿಗೆಗಳಲ್ಲಿ ದೊರೆಯುತ್ತದೆ. ಅದನ್ನು ಕೊಂಡರೆ ತಪ್ಪೇನಿಲ್ಲ. ಆದರೆ ಅಲ್ಲಿ ‘ಅಮ್ಮ ಹೇಗಿದ್ದಾರೆ, ಈ ವರ್ಷವೂ ಎರಡು ಕಿಲೋನಾ?’ ಎಂದು ಕೇಳುವವರಿರುವುದಿಲ್ಲ. ಬೀದಿಯ ಒಲೆಯೊಂದು ಆರಿದರೆ ರುಚಿಯ ಜೊತೆಗೆ, ಒಬ್ಬರ ಹಬ್ಬಕ್ಕಾಗಿ ಇನ್ನೊಬ್ಬರು ನಿದ್ದೆಗೆಡುವ ಹಳೆಯ ನಂಟೂ ಕಡಿಮೆಯಾಗುತ್ತದೆ. ಯಾರ ಕೈಯಿಂದ ತಿನ್ನಬಹುದು, ಯಾರ ಕೈಯಿಂದ ತಿನ್ನಬಾರದು ಎಂಬ ಮಾತುಗಳು ಅಲ್ಲಲ್ಲಿ ಕೇಳಿಬರುವ ಕಾಲದಲ್ಲಿ ಈ ನಂಟನ್ನು ಕಳೆದುಕೊಳ್ಳುವುದು ಸಣ್ಣ ನಷ್ಟವಲ್ಲ.

ಹಬ್ಬದ ದಿನ ಏನೂ ಸಿದ್ಧಮಾಡಿಕೊಳ್ಳದವರಿಗೆ ಪಾಲು ಕಳುಹಿಸಬೇಕೆಂಬ ಬುದ್ಧಿಮಾತು ನೆಹೆಮೀಯನ ಗ್ರಂಥದ 8ನೆಯ ಅಧ್ಯಾಯದಲ್ಲಿದೆ. ಅದರಂತೆ ನಮ್ಮ ಹಿರಿಯರು ಕುಸ್ವಾರಿನ ತಟ್ಟೆಗೆ ಕಸೂತಿ ಬಟ್ಟೆ ಹೊದಿಸಿ ಅಕ್ಕಪಕ್ಕದ ಮನೆಗಳಿಗೆಲ್ಲ ಮಕ್ಕಳ ಕೈಯಲ್ಲಿ ಕಳುಹಿಸುತ್ತಿದ್ದರು. ಆ ತಟ್ಟೆ ಬೇಕರಿಯವರೆಗೆ ಹೋದದ್ದು ಮಾತ್ರ ಕಡಿಮೆ. ಈ ಸಲ ನಮ್ಮ ಧರ್ಮಕೇಂದ್ರದ ಸುತ್ತಮುತ್ತ ಇರುವ ಹಳೆಯ ಬೇಕರಿಯೊಂದನ್ನು ಮಕ್ಕಳೊಡನೆ ಹುಡುಕಿ ಹೋಗೋಣ. ಅದು ಎಂದು ಆರಂಭವಾಯಿತು, ಯಾರು ಕಟ್ಟಿದರು ಎಂದು ಅಲ್ಲಿನ ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳೋಣ. ನಡುರಾತ್ರಿಯ ಬಲಿಪೂಜೆಯಿಂದ ಮರಳಿ ನಾವು ಕೇಕು ಕತ್ತರಿಸುವ ಹೊತ್ತಿಗೆ, ಅದನ್ನು ಬೇಯಿಸಿದವರು ದಣಿದು ಮಲಗಿರುತ್ತಾರೆ. ಮರುದಿನ ಅವರು ಅಂಗಡಿಯ ಬಾಗಿಲು ತೆರೆದಾಗ ನಮ್ಮ ಮನೆಯ ನೆವ್ರಿ, ಚಕ್ಕುಲಿಗಳ ಒಂದು ತಟ್ಟೆ ಅವರನ್ನು ತಲುಪಲಿ.