ಗೋಡೆ ಮೇಲಿನ ಗಾಲಿಕುರ್ಚಿ

ಮೊನ್ನೆ ಸೋದರಮಾವನ ಜೊತೆ ಗುಂಡ್ಲುಪೇಟೆಯ ಒಂದು ಬಟ್ಟೆ ಅಂಗಡಿಗೆ ಹೋಗಿದ್ದೆ. ಮಾವನಿಗೆ ಲಕ್ವ ಹೊಡೆದು ವರ್ಷವಾಯಿತು, ಗಾಲಿಕುರ್ಚಿಯಲ್ಲೇ ಓಡಾಟ. ಅಂಗಡಿ ಬಾಗಿಲ ಪಕ್ಕ ನೀಲಿ ಬೋರ್ಡು, ಅದರಲ್ಲಿ ಬಿಳಿ ಗಾಲಿಕುರ್ಚಿಯ ಚಿತ್ರ. ಅದರ ಕೆಳಗೇ ಮೂರು ಮೆಟ್ಟಿಲು!

"ಚಿತ್ರ ಅದ, ದಾರಿ ಇಲ್ಲ ಕನಪ್ಪ" ಅಂತ ಮಾವ ನಕ್ಕರು. ಅಂಗಡಿ ಹುಡುಗರಿಬ್ಬರು ಕುರ್ಚಿ ಸಮೇತ ಎತ್ತಿ ಒಳಗಿಟ್ಟರು. ಆಮೇಲೆ ಮನೆ ಸೇರುವ ತನಕ ಮಾವ ಮಾತಾಡಲಿಲ್ಲ.

ಆ ಚಿತ್ರ ಎಲ್ಲಿಂದ ಬಂತು ಅಂತ ಹುಡುಕಿದೆ. 1968ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ನಡೆದ ಶಿಬಿರವೊಂದರಲ್ಲಿ ಡೆನ್ಮಾರ್ಕಿನ ವಿನ್ಯಾಸ ವಿದ್ಯಾರ್ಥಿನಿ ಸೂಸನ್ ಕೊಫೋಡ್ ಬರೆದದ್ದಂತೆ. ಆಕೆ ಬರೆದಾಗ ಬರೀ ಕುರ್ಚಿಯಿತ್ತು, ಮನುಷ್ಯನೇ ಇರಲಿಲ್ಲ. ಸ್ವೀಡನ್ನಿನ ಕಾರ್ಲ್ ಮೊಂಟಾನ್ ತಲೆಯ ಜಾಗಕ್ಕೆ ಒಂದು ವೃತ್ತ ಸೇರಿಸಿದರು. 1969ರಲ್ಲಿ ರಿಹ್ಯಾಬಿಲಿಟೇಶನ್ ಇಂಟರ್‌ನ್ಯಾಷನಲ್ ಸಂಸ್ಥೆ ಅದನ್ನು ಒಪ್ಪಿಕೊಂಡಿತು. ಆ ಚಿತ್ರ ಅಲಂಕಾರವಲ್ಲ, ಒಂದು ಮಾತು: "ಗಾಲಿಕುರ್ಚಿಯಲ್ಲಿ ಬಂದವರು ಇಲ್ಲಿ ಒಳಗೆ ಬರಬಹುದು."

ಚಿತ್ರ ನಮ್ಮೂರಿಗೂ ಬಂತು, ಮಾತು ಬರಲಿಲ್ಲ. ನಮ್ಮ ದೇಶದ ಮೊದಲ ಅಂಗವಿಕಲರ ಕಾಯ್ದೆ 1995ರದು. ಚಾಮರಾಜನಗರ ಜಿಲ್ಲೆಯಾದದ್ದು 1997ರಲ್ಲಿ. ಅಂದರೆ ಜಿಲ್ಲೆಗಿಂತ ಕಾಯ್ದೆಯೇ ಹಳೆಯದು! ಆದರೆ ಸಾರ್ವಜನಿಕ ಕಟ್ಟಡಗಳಿಗೆ ಇಳಿಜಾರು ದಾರಿ ಮಾಡಿ ಎನ್ನುವಾಗಲೂ ಅದು "ಆರ್ಥಿಕ ಶಕ್ತಿಯ ಮಿತಿಯೊಳಗೆ" ಎಂದು ಸರ್ಕಾರಕ್ಕೆ ಒಂದು ಕಿಟಕಿ ತೆರೆದಿಟ್ಟಿತ್ತು. 2016ರ ಕಾಯ್ದೆ ಆ ಕಿಟಕಿ ಮುಚ್ಚಿ ಖಾಸಗಿಯವರನ್ನೂ ಸೇರಿಸಿತು. ನಿಯಮಗಳು ಬಂದದ್ದು 2017ರ ಜೂನ್‌ನಲ್ಲಿ. ಸೇವೆ ಕೊಡುವವರಿಗೆ ಎರಡು ವರ್ಷದ ಗಡುವು. ಅದು 2019ಕ್ಕೇ ಮುಗಿಯಿತು. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು, ಬರೀ ಸಲಹೆಗಳು ಸಾಲದು, ಕಡ್ಡಾಯ ನಿಯಮ ಮಾಡಿ ಎಂದು ಹೇಳಬೇಕಾಯಿತು.

ಹಾಗಾದರೆ ಸರಿಯಾಗಿ ಹಾಕುವುದು ಹೇಗೆ? ಒಂದಡಿ ಏರಲು ಹನ್ನೆರಡು ಅಡಿ ಇಳಿಜಾರು ಬೇಕು. ಅರ್ಧರ್ಧ ಅಡಿಯ ಮೂರು ಮೆಟ್ಟಿಲಿಗೆ ಹದಿನೆಂಟು ಅಡಿ. ಮುಂದೆ ಜಾಗವಿಲ್ಲವೇ? ಪಕ್ಕದ ಬಾಗಿಲಿಗೆ ಮಾಡಿ, ಮೆಟ್ಟಿಲ ಹತ್ತಿರ ಆ ಕಡೆಗೆ ಬಾಣದ ಗುರುತು ಹಾಕಿ. ಚಾಮರಾಜನಗರದ ಒಂದು ಕಟ್ಟಡದಲ್ಲಿ ಶೌಚಾಲಯದ ಬ್ರೈಲ್ ಬೋರ್ಡನ್ನು ಬಾಗಿಲ ಚೌಕಟ್ಟಿನ ಮೇಲೆ ಹೊಡೆದಿದ್ದರು. ಬೆರಳಿನಿಂದ ಓದುವವರು ಏಣಿ ತರಬೇಕಾ? :) ಅದು ಬಾಗಿಲಿಗೂ ಬೇಡ. ಓದುತ್ತಾ ನಿಂತಾಗ ಯಾರಾದರೂ ಬಾಗಿಲು ತೆಗೆದರೆ ಮುಖಕ್ಕೇ ಬಡಿಯುತ್ತೆ. ಹಿಡಿಯ ಕಡೆಯ ಗೋಡೆಯ ಮೇಲೆ, ಕೈಗೆ ಸಿಗುವ ಎತ್ತರದಲ್ಲಿರಬೇಕು. ಚುಕ್ಕಿಗಳು ಉಬ್ಬಿರಬೇಕು, ಬರೀ ಅಚ್ಚು ಹಾಕಿದರೆ ಆಗದು.

ಮತ್ತೆ ಆ ಅಂಗಡಿಗೆ ಹೋಗಿ ಯಜಮಾನರ ಜೊತೆ ಮಾತಾಡಿದೆ. "ಬೋರ್ಡು ಹಾಕಿ ಅಂದ್ರು, ಹಾಕುದ್ವಿ ಸಾರ್" ಅಂದರು. ಸುಳ್ಳು ಹೇಳುವ ಜನ ಅಲ್ಲ, ಆದರೆ ಆ ಬೋರ್ಡು ಸುಳ್ಳು ಹೇಳುತ್ತಿದೆ. ಅದಿಲ್ಲದಿದ್ದರೆ ಮಾವ ಬಾಗಿಲ ತನಕ ಬರುತ್ತಲೇ ಇರಲಿಲ್ಲ.

ಮೊದಲು ದಾರಿ, ಆಮೇಲೆ ಬೋರ್ಡು. ಇಷ್ಟೇ ನನ್ನ ಮಾತು.

ದೀಪಾವಳಿಗೆ ಬಟ್ಟೆ ತರೋಣ ಬನ್ನಿ ಅಂದರೆ ಮಾವ, "ನೀವೇ ತಕ್ಕಬನ್ನಿ" ಅನ್ನುತ್ತಾರೆ.

ನಿಮ್ಮೂರಿನ ಬೋರ್ಡುಗಳು ನಿಜ ಹೇಳುತ್ತವಾ? ನೋಡಿ ಬರೆಯಿರಿ.