ಮರಳಿ ಬಂದ ಹಣ

ಕಳೆದ ಬೇಸಗೆ ರಜೆಯಲ್ಲಿ ನನ್ನ ಎಂಟು ವರ್ಷದ ಮಗ ಮೊಬೈಲಿನ ಆಟವೊಂದರಲ್ಲಿ ಬಣ್ಣದ ಹರಳುಗಳನ್ನು ಕೊಂಡು ಎರಡು ಸಾವಿರ ರೂಪಾಯಿ ಕಳೆದ. ನಾನು ಗದರಿದೆ. “ಆಟದ ದುಡ್ಡು ಅಂದುಕೊಂಡಿದ್ದೆ, ಅಪ್ಪಾ” ಎಂದು ಅತ್ತುಬಿಟ್ಟ.

ಈ ಅಳುವಿಗೂ ಒಂದು ಇತಿಹಾಸವುಂಟು. ಆಟದೊಳಗಿನ ಮಾರಾಟಕ್ಕೆ ಆಪಲ್ ಸಂಸ್ಥೆ 2009ರಲ್ಲಿ ಅವಕಾಶವಿತ್ತಿತು. ಹಿರಿಯರು ಒಮ್ಮೆ ಪಾಸ್‌ವರ್ಡ್ ಕೊಟ್ಟರೆ 15 ನಿಮಿಷ ಮತ್ತೆ ಕೇಳುತ್ತಿರಲಿಲ್ಲ. ಅಷ್ಟರಲ್ಲಿ ಮಗು ಮುಟ್ಟಿದ್ದೆಲ್ಲ ಖರೀದಿ! ಹೆತ್ತವರ ಒಪ್ಪಿಗೆಯಿಲ್ಲದ ಈ ವಸೂಲಿ ಅನ್ಯಾಯವೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಹಿಡಿದು ನಿಲ್ಲಿಸಿತು. 2014ರಲ್ಲಿ ಆಪಲ್ ಕನಿಷ್ಠ 3.25 ಕೋಟಿ, ಗೂಗಲ್ ಕನಿಷ್ಠ 1.9 ಕೋಟಿ ಡಾಲರು ಮರಳಿಸಲು ಒಪ್ಪಿದವು. ಅಮೆಜಾನ್ ಒಪ್ಪದೆ ಹೋರಾಡಿ, 2016ರಲ್ಲಿ ನ್ಯಾಯಾಲಯದಲ್ಲಿ ಸೋತಿತು.

ಮಗುವಿನ ವ್ಯಾಪಾರ ವ್ಯಾಪಾರವಲ್ಲವೆಂಬುದು ಹಳೆಯ ಮಾತು. ನಮ್ಮ 1872ರ ಕರಾರು ಕಾಯಿದೆಯ ಪ್ರಕಾರ ಅಪ್ರಾಪ್ತ ವಯಸ್ಕರ ಕರಾರು ಅಸಿಂಧುವೆಂದು ಪ್ರಿವಿ ಕೌನ್ಸಿಲ್ 1903ರಲ್ಲೇ ತೀರ್ಪಿತ್ತಿತು. ಕಾಯಿದೆ ಓದದ ನಮ್ಮೂರ ಶೆಟ್ಟರೂ ಹುಡುಗರ ಕೈಯಲ್ಲಿ ದೊಡ್ಡ ನೋಟು ಕಂಡರೆ, “ಅಪ್ಪನಿಗೆ ಗೊತ್ತೇನೋ?” ಎನ್ನುತ್ತಿದ್ದರು. ಹೊಸ ಅಂಗಡಿ ಮರೆತದ್ದು ಆ ಒಂದು ಪ್ರಶ್ನೆಯನ್ನೇ.

ಆಟದವರಿಗೆ ಬರೆದುಕೊಂಡ ಮೇಲೆ ನನ್ನ ಹಣ ಮರಳಿತು. ಮಗನಿಗೆ ಆಡಿದ ಮಾತನ್ನು ಮರಳಿ ಪಡೆಯುವುದೆಂತು?